ಮನೆಯ ಕೊರಳಿನ ಹಗ್ಗ

ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಮಾರಿದವನು ಎತ್ತಿನ ಕೊರಳಿಂದ ಹಳೆಯ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡು ಊರಿಗೆ ಬರುತ್ತಾನೆ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ ಎಂಬ ನಂಬಿಕೆ. ಸಣ್ಣವಳಿದ್ದಾಗ ಲಕ್ಷ್ಮೇಶ್ವರದ ಸಂತೆಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಮನೆಯ ವ್ಯವಹಾರ ಹಾಗಲ್ಲ, ಮನೆ ಮಾರಿದರೆ ಹಗ್ಗ ಮನೆಯ ಕೊರಳಲ್ಲೇ ಉಳಿಯುತ್ತದೆ ಎಂದು ನಾನು ಕಲಿತದ್ದು ಎರಡು ಮಕ್ಕಳ ತಾಯಿಯಾದ ಮೇಲೆ, ಗದಗಿನ ನೋಂದಣಿ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ. ಕಲಿಯದಿದ್ದರೆ ನನ್ನ ಪಾಟ್ಲಿ ಬಳೆ ಮಾರಿದ ರೊಕ್ಕವೂ ಹೋಗುತ್ತಿತ್ತು, ತಲೆಯ ಮೇಲಿನ ಮಾಳಿಗೆಯೂ ಹೋಗುತ್ತಿತ್ತು.

ನನ್ನ ಗಂಡ ಬೆಟಗೇರಿಯಲ್ಲಿ ಶಾಲಾ ಮಾಸ್ತರರು. ಮದುವೆಯಾಗಿ ಬಂದ ಮೇಲೆ ನಾಲ್ಕು ವರ್ಷಕ್ಕೆ ಮೂರು ಬಾಡಿಗೆ ಮನೆ ಬದಲಿಸಿದೆವು. ಒಬ್ಬ ಮನೆಯೊಡತಿ ರಾತ್ರಿ ದೀಪ ಉರಿಸಿದ್ದಕ್ಕೆ ಬೈದರೆ, ಇನ್ನೊಬ್ಬಳು ಅತ್ತೆಯ ಕೆಮ್ಮಿಗೆ ಬೈದಳು. ಮೂರನೆಯ ಮನೆ ಬಿಡುವಾಗ ನನ್ನ ಅಪ್ಪ ಬಂದಿದ್ದ. ಅವನು ಶಿರಹಟ್ಟಿ ಕಡೆಯ ಒಂದು ಹಳ್ಳಿಯ ಈಶ್ವರ ಗುಡಿಯ ಪೂಜಾರಿ. ಊರಿನವರು ಪೂಜೆಗೆ ಬಂದಂತೆ ಕಾಗದ ಓದಿಸಲಿಕ್ಕೂ ಅವನ ಹತ್ತಿರವೇ ಬರುತ್ತಿದ್ದರು. ಹೀಗಾಗಿ ಮಂತ್ರ ಬಂದಷ್ಟೇ ಚೆನ್ನಾಗಿ ಅವನಿಗೆ ದಸ್ತಾವೇಜಿನ ಮಾತೂ ಬರುತ್ತಿತ್ತು. ಅವತ್ತು ಒಲೆಯ ಮುಂದೆ ಕುಳಿತು ನನಗೆ ಹೇಳಿದ:

"ಲಕ್ಷ್ಯ ಇಟ್ಟು ಕೇಳು. ಬಾಡಿಗಿ ಅಂದ್ರ ತಿಂಗಳಾ ರೊಕ್ಕ ಹೋಗತೈತಿ, ತಿರಗಿ ಬರೂದಿಲ್ಲ. ಖರೀದಿ ಅಂದ್ರ ರೊಕ್ಕ ಹೋಗತೈತಿ, ಮನಿ ಬರತೈತಿ. ಗಹಾಣ ಅಂದ್ರ ಮಾಲಕ ಮನಿ ಒತ್ತಿ ಇಟ್ಟು ಸಾಲಾ ತಗೋತಾನ, ಮನ್ಯಾಗ ತಾನ ಇರತಾನ, ಬಡ್ಡಿ ಕಟ್ಟತಾನ. ಭೋಗ್ಯ ಅಂದ್ರ ಹಾಂಗಲ್ಲ. ಸಾಲಾ ಕೊಟ್ಟಾವರ ಆ ಮನ್ಯಾಗ ಇರತಾರ. ಅವರಿಗೆ ಬಡ್ಡಿ ಇಲ್ಲ, ಮಾಲಕಗ ಬಾಡಿಗಿ ಇಲ್ಲ. ಕೊಟ್ಟ ರೊಕ್ಕ ತಿರಗಿ ಕೈಯಾಗ ಬಿದ್ದ ದಿನಾ ಮನಿ ಬಿಡಬೇಕು. ಅದಕಿಂತ ಮದಲ ಬ್ರಹ್ಮ ಬಂದು ಬಿಡು ಅಂದ್ರೂ ಬಿಡಬ್ಯಾಡ."

ನನ್ನ ಒಂದು ಜೊತೆ ಚಿನ್ನದ ಪಾಟ್ಲಿ ಮತ್ತು ಕೊರಳಿನ ಬೋರಮಾಳ ಮಾರಿದೆವು. ಅಪ್ಪ ತನ್ನದೂ ಸ್ವಲ್ಪ ಸೇರಿಸಿದ. ಮೂರು ಸಾವಿರವಾಯಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಬ್ಬ ಮುದುಕರ ಮನೆ ಭೋಗ್ಯಕ್ಕೆ ಸಿಕ್ಕಿತು. ಕಾಗದ ಬರೆಸುವ ದಿನ ಅಪ್ಪ ಅಳಿಯನ ಮುಂದೆಯೇ ಹೇಳಿದ: "ರೊಕ್ಕ ಆಕೀ ಪಾಟ್ಲೀದು. ಕಾಗದ ಆಕೀ ಹೆಸರಿಲೆ ಆಗಲಿ." ನಮ್ಮ ಮನೆಯವರು ಇಲ್ಲ ಎನ್ನಲಿಲ್ಲ. ಅದು ಅವರ ಒಳ್ಳೆಯತನ. ಇಬ್ಬರೂ ಮಾಲಕರ ಜೊತೆ ಗದಗಿಗೆ ಹೋಗಿ ಪತ್ರ ನೋಂದಣಿ ಮಾಡಿಸಿಕೊಂಡು ಬಂದರು. ಅವತ್ತು ಶ್ರಾವಣದ ಎರಡನೆಯ ಸೋಮವಾರ. ಉಪವಾಸವಿದ್ದ ನಾನು ಅಪ್ಪ ತಂದ ಪೇಡೆಯನ್ನು ದೇವರ ಮುಂದಿಟ್ಟು, ದೀಪ ಹಚ್ಚಿ, ಆಮೇಲೆ ಬಾಯಿಗೆ ಹಾಕಿಕೊಂಡೆ.

ಆ ಮನೆ ದೊಡ್ಡದೇನಲ್ಲ. ಪಡಸಾಲೆ, ಅಡುಗೆಮನೆ, ಒಂದು ಮಗ್ಗದ ಕೋಣೆ. ಮಗ್ಗ ಎತ್ತಿ ಒಯ್ದಿದ್ದರು, ನೇಕಾರ ಕಾಲು ಇಳಿಬಿಟ್ಟು ಕೂರುವ ತಗ್ಗು ಉಳಿದಿತ್ತು. ಅದರೊಳಗೆ ನೀರಿನ ಹರಿವಿ ಇಟ್ಟರೆ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತಿತ್ತು. ಇದು ದೇವರು ಕೊಟ್ಟದ್ದು ಎಂದು ಎಣಿಸಿದೆ. ಅತ್ತೆ ಕೆಮ್ಮಿದರೆ ಬೈಯುವವರಿಲ್ಲ ಎಂಬುದನ್ನೂ ಎಣಿಸಿದೆ. ದಿನಕ್ಕೆ ಒಂದಾದರೂ ಹೀಗೆ ಎಣಿಸದೆ ನಾನು ಮಲಗುವುದಿಲ್ಲ.

ಭೋಗ್ಯದ ಪತ್ರವನ್ನು ದೇವರ ಜಗಲಿಯ ಮೇಲಿಟ್ಟೆ. ದೀಪಾವಳಿಯ ಅಮಾವಾಸ್ಯೆಗೆ ವ್ಯಾಪಾರಿಗಳು ವಹಿಗೆ ಪೂಜೆ ಮಾಡುತ್ತಾರಲ್ಲ, ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಕಾಗದ. ಹೀಗಾಗಿ ಪ್ರತಿ ವರ್ಷ ಅದನ್ನು ಬಿಚ್ಚಿ, ನಡುವೆ ಅರಿಷಿಣ, ಅದರ ಮೇಲೆ ಕುಂಕುಮ, ಎರಡು ಹನಿ ಹಾಲು. ಶುಕ್ರವಾರಕ್ಕೊಮ್ಮೆ ಹೂವು. ಲಕ್ಷ್ಮಿ ಪತ್ರದ ರೂಪದಲ್ಲಿ ಕುಳಿತಿದ್ದಾಳೆ ಎಂದೇ ನನ್ನ ಭಾವನೆ. ಹೀಗೆ ಆರು ದೀಪಾವಳಿ ನಡೆಯಿತು. ಅಪ್ಪ ತೀರಿಕೊಂಡ. ಮನೆಯ ಮಾಲಕರಾದ ಮುದುಕರು ಮುಂಡರಗಿಯ ಮಗಳ ಮನೆಗೆ ಹೋಗಿ ನಿಂತರು.

ಆರನೆಯ ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಒಂದು ಮಧ್ಯಾಹ್ನ ಗದಗಿನ ಶೇಂಗಾ ವ್ಯಾಪಾರಿ ಸಾಹುಕಾರರೊಬ್ಬರು ತಮ್ಮ ಗುಮಾಸ್ತನ ಜೊತೆ ಬಂದರು. ಚಪ್ಪಲಿ ಬಿಡದೆ ಪಡಸಾಲೆಗೆ ಕಾಲಿಟ್ಟು, ಗೋಡೆ ತಟ್ಟಿ ನೋಡಿದರು.

"ತಂಗಿ, ಅಂಜಬ್ಯಾಡ. ಒಂದ ಖಬರ ಹೇಳಾಕ ಬಂದೀನಿ. ಈ ಮನಿ ನಾ ಖರೀದಿ ಮಾಡೀನಿ. ಇದನ್ನ ಕೆಡವಿ ಗೋದಾಮ ಕಟ್ಟಾಂವ. ಹದಿನೈದ ದಿನದಾಗ ಬ್ಯಾರೆ ಮನಿ ನೋಡಕೋರಿ."

"ಖರೀದಿ ಮಾಡೀರಿ, ಶಿವಾ ನಿಮಗ ಚೊಲೋ ಮಾಡಲಿ" ಎಂದೆ. "ನಮ್ಮ ಮೂರ ಸಾವಿರ ತಂದೀರೇನ್ರಿ?"

ಸಾಹುಕಾರರು ನಕ್ಕರು. "ನಿಮ್ಮ ರೊಕ್ಕ ನಾ ತಗೊಂಡೀನೇನಬೇ? ತಗೊಂಡಾಂವ ಮುಂಡರಗ್ಯಾಗ ಕುಂತಾನ. ಎತ್ತ ಕೊಂಡಾಂವಗ ಯಾರರೆ ಹಗ್ಗಾ ಕೇಳತಾರೇನು? ಹಗ್ಗಾ ಮಾರಿದಾವನ ಕಡೆ. ಹೋಗಿ ಅಲ್ಲೇ ಕೇಳ್ರಿ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವರ ಮಾತು ಸರಿ ಎನಿಸಿಬಿಟ್ಟಿತು. ನಾನೂ ಅದೇ ಸಂತೆ ನೋಡಿ ಬೆಳೆದವಳಲ್ಲವೇ? ಆದರೂ ಅಪ್ಪನ ಮಾತು ನೆನಪಾಯಿತು. ಕಾಗದ ಐತಿ, ನೋಡ್ರಿ ಎಂದು ಜಗಲಿಯಿಂದ ಪತ್ರ ತಂದು ಅವರ ಮುಂದೆ ಬಿಚ್ಚಿದೆ.

ಆರು ವರ್ಷದ ಅರಿಷಿಣ, ಕುಂಕುಮ, ಹಾಲು, ದೀಪದ ಎಣ್ಣೆ. ಮಡಿಕೆ ಬಿಚ್ಚಿದರೆ ನಡುವೆ ಅಂಗೈಯಗಲ ಕೆಂಪು ಕಲೆ. ಕೆಳಗಿನ ಮಸಿ ಅದರೊಳಗೆ ಕರಗಿ ಹೋಗಿತ್ತು. ಯಾರ ಹೆಸರು, ಎಷ್ಟು ರೊಕ್ಕ, ಯಾವ ಕರಾರು, ಒಂದೂ ಕಾಣಿಸುತ್ತಿರಲಿಲ್ಲ. ಪೂಜೆ ಮಾಡುವಾಗ ನಾನು ಪತ್ರವನ್ನು ಎಂದೂ ಓದಿರಲಿಲ್ಲ, ಕೈಮುಗಿದು ಮಡಿಚಿಡುತ್ತಿದ್ದೆ.

"ಇದು ಕಾಗದಾನೋ, ಗುಡಿಯಾಗಿನ ಅರಿಷಿಣ ಭಂಡಾರದ ಚೀಲೋ?" ಎಂದರು ಸಾಹುಕಾರರು. ಗುಮಾಸ್ತ ಬಾಯಿಗೆ ಟವೆಲ್ ಒತ್ತಿಕೊಂಡ. "ಓದ್ರಿ ನೋಡೂಣು, ಎಷ್ಟ ರೊಕ್ಕ ಅಂತ."

ನಾನು ಪತ್ರವನ್ನು ಮತ್ತೆ ಮಡಿಚಿದೆ. ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು: "ನಿಮ್ಮಪ್ಪ ಕಾಗದ ಓದಾಕ ಕಲಿಸಿದಾ, ಕುಂಕುಮ ಎಲ್ಲೆ ಹಚ್ಚಬೇಕಂತ ಕಲಿಸಲಿಲ್ಲ ನೋಡು."

ಸಂಜೆ ನಮ್ಮ ಮನೆಯವರು ಶಾಲೆಯಿಂದ ಬಂದು ಮುಖ ತೊಳೆಯದೆ ಕುಳಿತರು. ಆಗಲೇ ಗೊತ್ತಾಯಿತು, ಬೇರೆ ಏನೋ ಇದೆ ಎಂದು.

"ಸಾಹುಕಾರ ಶಾಲಿಗೂ ಬಂದಿದ್ರು" ಎಂದರು. "ಶಾಲಿ ಕಮಿಟಿಯವರ ಪೈಕಿ ದೊಡ್ಡ ಮನಶ್ಯಾರ ಅವರು. ಹದಿನೈದ ದಿನದಾಗ ಮನಿ ಬಿಡತೀನಂತ ಒಂದ ಚೀಟಿ ಬರಸಿಕೊಂಡ್ರು. ಬರದ ಕೊಟ್ಟೆ."

"ಕೊಟ್ರಿ?"

"ನೌಕರಿ ಮ್ಯಾಲೆ ಬಂದ್ರ ಏನ ಮಾಡೂದು? ರೊಕ್ಕ ಹೋದ್ರ ಹೋಗಲಿ, ಮಾನಾ ಉಳೀಲಿ."

"ಯಾವ ಮಾನಾ ರೀ? ಬೋಳ ಕೈಲೆ ಬೀದ್ಯಾಗ ನಿಂತಾಗ ಇರೂ ಮಾನಾನ? ಪಾಟ್ಲಿ ನಂದು, ಕಾಗದ ನನ್ನ ಹೆಸರಿಲೆ ಐತಿ. ನೀವು ಸಾವಿರ ಚೀಟಿ ಬರದ ಕೊಡ್ರಿ, ನಾ ಏಳಾಕಿ ಅಲ್ಲ."

ಅದೇ ಮೊದಲ ಸಲ ನಾನು ಗಂಡನಿಗೆ ಎದುರು ಮಾತಾಡಿದ್ದು. ಆಮೇಲೆ ದೇವರ ಮುಂದೆ ಕುಳಿತು ತಪ್ಪಾಯಿತು ಎಂದು ಕೇಳಿಕೊಂಡೆ. ಎದುರು ಮಾತಾಡಿದ್ದಕ್ಕೆ ಮಾತ್ರ, ಆಡಿದ ಮಾತಿಗಲ್ಲ.

ನೋಂದಣಿಯಾದ ಪತ್ರದ ಅಕ್ಷರವೆಲ್ಲ ಸರಕಾರದ ಪುಸ್ತಕದಲ್ಲಿ ಇಳಿಸಿಕೊಂಡಿರುತ್ತಾರೆ ಎಂದು ಅಪ್ಪ ಯಾರಿಗೋ ಹೇಳುತ್ತಿದ್ದದ್ದು ನೆನಪಿತ್ತು. ಮರುದಿನ ಗದಗಿಗೆ ಹೊರಟೆ. ಅತ್ತೆಯನ್ನು ಜೊತೆಗೆ ಕರೆದರೆ ಅವರು ಒಪ್ಪಲಿಲ್ಲ. "ಇಬ್ಬರೂ ಹೋದ್ರ ಆ ಭಾಡ್ಯಾ ಕೀಲಿ ಜಡದ ಹೋಗತಾನ. ನೀ ಹೋಗಿ ಬಾ. ನಾ ಹೊಸ್ತಿಲದಾಗ ಕುಂಡರತೀನಿ." ನಾನು ಹಣೆಗೆ ವಿಭೂತಿ ಹಚ್ಚಿಕೊಂಡು, ಆ ಕೆಟ್ಟ ಪತ್ರವನ್ನು ಸೆರಗಿನೊಳಗಿಟ್ಟುಕೊಂಡು ಟಾಂಗಾ ಹತ್ತಿದೆ. ಗಂಡಸರಿಲ್ಲದೆ ಕಚೇರಿಗೆ ಹೋದದ್ದು ಅದೇ ಮೊದಲು.

ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ದಸ್ತಾವೇಜು ಬರೆಯುವ ಮುದುಕರೊಬ್ಬರು ಸಣ್ಣ ಡೆಸ್ಕಿನ ಮುಂದೆ ಕುಳಿತಿದ್ದರು.

"ಗಣಮಕ್ಕಳ ಎಲ್ಲೆ ಅದಾರವ್ವಾ?" ಎಂದು ಕೇಳಿದರು.

"ಶಾಲ್ಯಾಗ ಅದಾರ ಕಾಕಾ. ನಾ ಬಂದೀನಲ್ರಿ, ಸಾಲದೇನು?"

ಅವರು ಪತ್ರ ನೋಡಿ ಬೈಯಲಿಲ್ಲ, ನಗಲೂ ಇಲ್ಲ. ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. ಇದನ್ನೂ ಎಣಿಕೆಗೆ ಹಾಕಿದೆ. "ಇದರ ನಕಲು ಸಿಗತೈತಿ. ಆದ್ರ ನೋಂದಣಿ ತಾರೀಖು ಬೇಕು. ತಾರೀಖಿಲ್ಲದ ಅಷ್ಟು ಪುಸ್ತಕದಾಗ ಎಲ್ಲೆ ಹುಡುಕೂದು?"

ತಾರೀಖೂ ಕುಂಕುಮದೊಳಗೇ ಹೋಗಿತ್ತು. ಆದರೆ ನನಗೆ ದಿನ ನೆನಪಿತ್ತು. "ಆರ ದೀಪಾವಳಿ ಹಿಂದಿನ ಶ್ರಾವಣದ ಎರಡನೇ ಸೋಮವಾರ್ರಿ. ಉಪಾಸ ಇದ್ದೆ. ಖರೆ, ಅದರಾಗ ತಪ್ಪಿಲ್ಲ."

ಮುದುಕರು ಡೆಸ್ಕಿನ ಮುಚ್ಚಳ ತೆಗೆದರು. ಒಳಗೆ ಹಳೆಯ ಪಂಚಾಂಗಗಳ ಕಟ್ಟು. "ಹಳ್ಳಿ ಮಂದಿ ಯಾರೂ ನನಗ ತಾರೀಖು ಹೇಳೂದಿಲ್ಲ, ಎಲ್ಲಾರೂ ಹುಣ್ಣಿವಿ ಅಮಾಸಿ ಹೇಳಾವರ. ಅದಕ್ಕ ಇವನ್ನ ಒಗದಿಲ್ಲ" ಎಂದು ಪುಟ ತಿರುವಿ, ಚೀಟಿಯ ಮೇಲೆ ತಾರೀಖು ಬರೆದು, ಅರ್ಜಿ ಹಾಕಿಸಿದರು. ಮೂರು ದಿನಕ್ಕೆ ಮತ್ತೆ ಹೋದೆ. ಶಿಕ್ಕಾ ಒತ್ತಿದ ನಕಲು ಕೈಗೆ ಬಂತು. ಅದರಲ್ಲಿ ನನ್ನ ಹೆಸರು, ನನ್ನಪ್ಪನ ಹೆಸರು, ಮೂರು ಸಾವಿರ, ಎಲ್ಲವೂ ಇತ್ತು. ಓದಲು ಹೋದರೆ ಕಣ್ಣು ಮಂಜಾಯಿತು. ಆದ್ದರಿಂದ ಅವರೇ ಓದಿದರು: "ಸದರಿ ರಕಮು ಮುಟ್ಟುವವರೆಗೆ ಮನೆಯ ಕಬ್ಜಾ ಬಿಟ್ಟುಕೊಡತಕ್ಕದ್ದಲ್ಲ."

"ಆದ್ರ ಕಾಕಾ, ಮನಿ ಮಾರ್ಯಾರಲ್ರಿ? ಹಗ್ಗ ಮಾರಿದಾವನ ಕಡೆ ಅಂತಾರ ಸಾಹುಕಾರ."

ಮುದುಕರು ಕನ್ನಡಕ ತೆಗೆದರು. "ಎತ್ತಿನ ಕಾಯ್ದೆ ಬ್ಯಾರೆ, ಮನೀ ಕಾಯ್ದೆ ಬ್ಯಾರೆ ತಂಗಿ. ಮನಿ ಯಾರ ಕೈಗೆ ಹೋದ್ರೂ ಭೋಗ್ಯದ ಹಗ್ಗ ಅದರ ಕೊರಳಾಗ ಇರತೈತಿ. ಕೊಂಡಾಂವ ಹಗ್ಗದ ಸಂಗಾಟ ಕೊಂಡಂಗ. ಅದಕ್ಕ ಕೊಳ್ಳೂದಕಿಂತ ಮದಲ ಇಲ್ಲಿ ಬಂದು ಋಣಭಾರದ ಪತ್ರ ತಗೀಬೇಕು. ಈ ಮನಿ ಮ್ಯಾಲೆ ಗಹಾಣ ಐತೋ, ಭೋಗ್ಯ ಐತೋ, ಯಾರದರೆ ಹಕ್ಕ ಐತೋ, ಎಲ್ಲಾ ಅದರಾಗ ಕಾಣತೈತಿ. ಸಾಹುಕಾರ ಶೇಂಗಾ ಒಡದ ನೋಡಿ ಕೊಳ್ಳತಾನ, ಮನಿ ಮಾತ್ರ ಗ್ವಾಡಿ ತಟ್ಟಿ ಕೊಂಡಾನ."

ಟಾಂಗಾದಲ್ಲಿ ತಿರುಗಿ ಬರುವಾಗ ಆ ಮಾತನ್ನು ಜಪದಂತೆ ಹೇಳಿಕೊಂಡು ಬಂದೆ.

ಹದಿನಾರನೆಯ ದಿನ ಬೆಳಿಗ್ಗೆ ಸಾಹುಕಾರರು ಗುಮಾಸ್ತನ ಜೊತೆ ಬಾಗಿಲಿಗೆ ಜಡಿಯುವ ದೊಡ್ಡ ಕೀಲಿ ಹಿಡಿದು ಬಂದರು. ನಮ್ಮ ಮನೆಯವರು ಶಾಲೆಗೆ ಹೊರಟು ಅಂಗಳದಲ್ಲಿ ನಿಂತಿದ್ದರು. ಅತ್ತೆ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಏಳಬೇ ಮುದಕಿ, ಕೀಲಿ ಹಾಕಬೇಕು."

"ಹಾಕ್ರಿ. ನನ್ನ ಒಳಗ ಹಾಕತೀರೋ, ಹೊರಗ ಹಾಕತೀರೋ? ಒಳಗ ಹಾಕಿದ್ರ ಎರಡ ಹೊತ್ತ ರೊಟ್ಟಿ ಕಳಸಬೇಕಾಗತೈತಿ. ಹಲ್ಲಿಲ್ಲ, ಮೆತ್ತಗ ಮಾಡಸ್ರಿ."

ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಬೆಳಗಿನಿಂದ ಖಟ್ ಖಟ್ ಎನ್ನುವ ಓಣಿ ಸುಮ್ಮನಾಯಿತೆಂದರೆ ಅಲ್ಲಿನವರೆಲ್ಲ ಕಿವಿ ಕೊಟ್ಟಿದ್ದಾರೆ ಎಂದೇ ಅರ್ಥ. ನಾನು ನಕಲು ಹಿಡಿದು ಹೊರಗೆ ಬಂದೆ.

"ಸಾಹುಕಾರ್ರ, ಅವತ್ತ ಓದು ಅಂದಿದ್ರಿ. ಇವತ್ತ ಓದತೀನಿ, ಕೇಳ್ರಿ."

ಹೆಸರು ಓದಿದೆ. ರಕಮು ಓದಿದೆ. ಕಬ್ಜಾದ ಸಾಲನ್ನು ಎರಡು ಸಲ ಓದಿದೆ. ಸಾಹುಕಾರರು ಕಿಸೆಯಿಂದ ಚೀಟಿ ತೆಗೆದರು. "ನಿನ್ನ ಗಂಡ ಬರದ ಕೊಟ್ಟಾನ, ನೋಡಿಲ್ಲೆ."

"ಅವರ ಹೆಸರ ಈ ಪತ್ರದಾಗ ಎಲ್ಲೆ ಐತಿ ತೋರಸ್ರಿ. ಮನಿ ಬಿಡೂ ಹಕ್ಕ ಭೋಗ್ಯ ಹಿಡದಾಕೀದು. ಹಗ್ಗದ ಮಾತ ಹೇಳಿದ್ರಿ, ಎತ್ತಿನ ಹಗ್ಗ ಮಾರಿದಾವನ ಕಡೆ, ಒಪ್ಪಿದೆ. ಮನೀ ಹಗ್ಗ ಕೊಂಡಾವನ ಕಡೆ. ನೀವು ಮನಿ ಕೊಂಡೀರಿ, ಅದರ ಕೊರಳಾಗ ನನ್ನ ಪಾಟ್ಲಿ ಐತಿ. ಅದನ್ನ ಬಿಡಸಿಕೊಡ್ರಿ, ಇವತ್ತ ಹೋಗತೀವಿ. ಇಲ್ಲಂದ್ರ ನನ್ನ ಮಕ್ಕಳ ಮದವಿನೂ ಇದ ಮನ್ಯಾಗ."

ಯಾರೋ ನೆರೆಮನೆಯ ಮಗ್ಗದ ಕೋಣೆಯೊಳಗಿಂದಲೇ "ಹೌದ ಹೌದು" ಎಂದರು. ಸಾಹುಕಾರರ ಮುಖ ಕೆಂಪೇರಿತು. ಅಷ್ಟರಲ್ಲಿ ನಾನು ಎಣಿಸದೇ ಇದ್ದದ್ದೊಂದು ನಡೆಯಿತು. ನಮ್ಮ ಮನೆಯವರು ಛತ್ರಿಯನ್ನು ಗೋಡೆಗೆ ಒರಗಿಸಿ ಮುಂದೆ ಬಂದು ಕೈ ಚಾಚಿದರು.

"ಆ ಚೀಟಿ ಕೊಡ್ರಿ ಇಲ್ಲೆ" ಎಂದರು. "ನಂದಲ್ಲದ್ದನ್ನ ಕೊಡತೀನಂತ ಬರದಿದ್ದೆ. ತಪ್ಪು. ಶಾಲ್ಯಾಗ ಹುಡುಗೂರಿಗೆ ಹಾಂಗ ಬರೀಬ್ಯಾಡಂತ ಹೇಳಾಂವ ನಾನು."

ಸಾಹುಕಾರರು ಚೀಟಿ ಕೊಡಲಿಲ್ಲ, ಕೀಲಿಯನ್ನೂ ಹಾಕಲಿಲ್ಲ. "ನೋಡಿಕೋತೀನಿ" ಎಂದು ಹೋದರು. ಅತ್ತೆ ಸುಲಿದ ಕಾಳನ್ನು ಮೊರಕ್ಕೆ ಸುರಿದುಕೊಂಡು, "ಆತು, ಸಾರಿಗೆ ಸಾಕು" ಎಂದರು.

ಸಾಹುಕಾರರು ನೋಡಿಕೊಂಡದ್ದೂ ಖರೆ. ನಮ್ಮ ಮನೆಯವರ ಒಂದು ವರ್ಷದ ಪಗಾರ ಏರಿಕೆ ನಿಂತಿತು. ಹಿತ್ತಲ ಬಾಗಿಲಿಗೆ ಅಡ್ಡವಾಗಿ ಕಲ್ಲು ಹೇರಿಸಿದರು. ಮನೆ ಖಾಲಿ ಮಾಡಿ ಕೊಟ್ಟರೆ ಮರುದಿನವೇ ರೊಕ್ಕ ಎಂದು ಮೂರು ಸಲ ಹೇಳಿ ಕಳಿಸಿದರು. "ಮದಲ ರೊಕ್ಕ, ಆಮ್ಯಾಲೆ ಕೀಲಿಕೈ" ಎಂದು ಮೂರು ಸಲವೂ ಹೇಳಿ ಕಳಿಸಿದೆ. ಒಮ್ಮೆ ಎರಡೂವರೆ ಸಾವಿರಕ್ಕೆ ಮುಗಿಸೋಣ ಎಂದರು. ಪಾಟ್ಲಿಯನ್ನು ಅರ್ಧ ಕತ್ತರಿಸಿ ಮಾರಿದ್ದಿಲ್ಲ ಎಂದೆ. ಗೋದಾಮಿಲ್ಲದೆ ಒಂದು ಶೇಂಗಾ ಸುಗ್ಗಿ ಹೋಯಿತು. ಮುಂದಿನ ಸುಗ್ಗಿಯ ಮೊದಲು ಅವರೇ ದಿನ ಗೊತ್ತು ಮಾಡಿದರು.

ನೋಂದಣಿ ಕಚೇರಿಯಲ್ಲಿ ಮೂರು ಸಾವಿರವನ್ನು ಮೇಜಿನ ಮೇಲಿಟ್ಟರು. ಭೋಗ್ಯ ತೀರಿತು ಎಂಬ ಬಿಡುಗಡೆ ಪತ್ರಕ್ಕೆ ನಾನು ಸಹಿ ಮಾಡಬೇಕಿತ್ತು. ಕಾರಕೂನ ನನ್ನನ್ನು ಒಮ್ಮೆ ನೋಡಿ, ಸಹಿ ಬರುತ್ತದೆಯೇ ಎಂದೂ ಕೇಳದೆ ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ಮುಂದೆ ಸರಿಸಿದ.

"ಅದು ಆಮ್ಯಾಲೆ. ಮದಲ ಪತ್ರ ಕೊಡ್ರಿ, ಓದತೀನಿ."

"ಎಲ್ಲಾ ಸರಿ ಐತಬೇ ತಂಗಿ" ಎಂದರು ಸಾಹುಕಾರರು. "ಜಲ್ದಿ ಮುಗಸು. ಅಡತಿ ಅಂಗಡ್ಯಾಗ ಮಾಲ ಬಂದೈತಿ."

ನಾನು ನಿಂತುಕೊಂಡೇ, ಗಟ್ಟಿಯಾಗಿ, ಮೊದಲ ಅಕ್ಷರದಿಂದ ಓದಿದೆ. ಮನೆಯ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂಬ ಚಕ್ಕುಬಂದಿಯನ್ನೂ ಬಿಡಲಿಲ್ಲ. ಒಂದು ಕಡೆ "ಮನೆಯ ದುರಸ್ತಿಯ ಬಾಬತ್ತು ಮುರಿದುಕೊಳ್ಳಲು ಹಕ್ಕು" ಎಂಬ ಸಾಲು ಬಂತು. ನಿಲ್ಲಿಸಿ, ಜೊತೆಗೆ ಕರೆದುಕೊಂಡು ಹೋಗಿದ್ದ ಬೇವಿನ ಗಿಡದ ಕಾಕಾನ ಮುಖ ನೋಡಿದೆ. ದುರಸ್ತಿ ಎಂದು ನಾಳೆ ನಮ್ಮಿಂದಲೇ ರೊಕ್ಕ ಕೇಳುವ ಸಾಲು ಅದು ಎಂದರು. ಹೊಡೆದು ಹಾಕಿಸಿದೆ. ಹೊಡೆದು ಹಾಕಿದ ಜಾಗದಲ್ಲೂ ಸಹಿ ಮಾಡಿಸಿದೆ. ಆಮೇಲೆ ರೊಕ್ಕ ಎಣಿಸಿ ಗಂಡನ ಕೈಗೆ ಕೊಟ್ಟು, ನನ್ನ ಸಹಿ ಮಾಡಿ, ಎಲ್ಲರಂತೆ ಹೆಬ್ಬೆಟ್ಟನ್ನೂ ಒತ್ತಿದೆ.

ಮನೆ ಬಿಡುವ ದಿನ ಸಾರಿಸಿ, ಹೊಸ್ತಿಲು ತೊಳೆದು ರಂಗೋಲಿ ಹಾಕಿದೆ. ನೆರೆಯವಳು, "ಕೆಡವೂ ಮನಿಗೆ ಯಾಕ ರಂಗೋಲಿಬೇ?" ಎಂದಳು. ನಾನು ಮನೆಯನ್ನು ಬಿಟ್ಟು ಹೋಗುತ್ತಿದ್ದೆ, ಯಾರೂ ನನ್ನನ್ನು ಬಿಡಿಸಿರಲಿಲ್ಲ. ಅದು ಎಲ್ಲರಿಗೂ ಕಾಣಲಿ ಎಂದು ಹಾಕಿದೆ. ಸಾಹುಕಾರರ ಗುಮಾಸ್ತ ಕೀಲಿಕೈ ಇಸಿದುಕೊಳ್ಳಲು ಬಂದವನು ರಂಗೋಲಿ ತುಳಿಯದೆ ಬದಿಯಿಂದ ದಾಟಿದ.

ಆ ಮೂರು ಸಾವಿರಕ್ಕೆ ಸೊಸೈಟಿಯ ಸಾಲ ಸೇರಿಸಿ ಎಂಬತ್ತರ ದಶಕದ ಮೊದಲಿಗೆ ಬೆಟಗೇರಿಯಲ್ಲೇ ಎರಡು ಖೋಲಿಯ ಸ್ವಂತ ಮನೆ ಕೊಂಡೆವು. ಮಾರುವವರು ಮೊದಲು ಇಸಾರ ಕೇಳಿದರು, ಅಂದರೆ ಮಾತು ಗಟ್ಟಿ ಮಾಡುವ ಮುಂಗಡ. ಋಣಭಾರದ ಪತ್ರ ನೋಡದೆ ಒಂದು ರೂಪಾಯಿ ಇಲ್ಲ ಎಂದೆ. ಮುನಸಿಪಾಲಿಟಿಯ ದಾಖಲೆಯ ಉತಾರ ತರಿಸಿ ಯಾರ ಹೆಸರಿದೆ ನೋಡಿದೆ. ಪತ್ರ ಕೈಯಲ್ಲಿ ಹಿಡಿದು ಮನೆಯ ನಾಲ್ಕೂ ಬದಿ ನಡೆದು ಚಕ್ಕುಬಂದಿ ತಾಳೆ ನೋಡಿದೆ. ಮಾರುವವರು, "ಮಾಸ್ತರ, ನಿಮ್ಮ ಹೇಂತಿ ಭಾಳ ಸಂಶಯದಾಕಿ ಅದಾಳ" ಎಂದರು. ನಮ್ಮ ಮನೆಯವರು, "ಅದಾಳ್ರಿ, ಮನಿನೂ ಆಕೀ ಹೆಸರಿಗೇ ಆಗೂದೈತಿ" ಎಂದರು.

ಆ ಖರೀದಿ ಪತ್ರ ಈಗ ತಗಡಿನ ಪೆಟ್ಟಿಗೆಯಲ್ಲಿದೆ, ಎರಡು ನಕಲಿನ ಸಮೇತ. ದೀಪಾವಳಿಗೆ ಪೆಟ್ಟಿಗೆಯನ್ನು ಜಗಲಿಯ ಮುಂದಿಡುತ್ತೇನೆ. ಅರಿಷಿಣ ಕುಂಕುಮ ಹಚ್ಚುವುದು ಮುಚ್ಚಳದ ಮೇಲೆ. ಆರತಿ ಮುಗಿದ ಮೇಲೆ ಕೈ ತೊಳೆದು, ಒರೆಸಿಕೊಂಡು, ಪತ್ರ ತೆಗೆದು ಪೂರ್ತಿ ಓದುತ್ತೇನೆ. ಆಮೇಲೆಯೇ ಪ್ರಸಾದ.